ಹೆಸರು ಬದಲಾದ ಅರಿಸಿನ ಅಂಗಡಿ

ಸಾಂಗ್ಲಿ, ಗುರುವಾರ

ಅವ್ವಾ,

ಕೆಮ್ಮು ಹೋಯಿತು, ಮನೆಮಾಲಕಿ ನೀಲಾಬಾಯಿಯ ಅರಿಸಿನ ಹಾಲು ಮಾತ್ರ ತಪ್ಪಿಲ್ಲ. ಇಲ್ಲಿ ಅರಿಸಿನದ ದರವನ್ನು ರುಮಾಲಿನ ಮರೆಯಲ್ಲಿ ಬೆರಳು ಹಿಡಿದು ಕುದುರಿಸುತ್ತಾರೆ. ಇವರ ಅರಿಸಿನ ಅಂಗಡಿಯಲ್ಲಿ ಕುದುರಿಸುವ ಬೆರಳು ನೀಲಾಬಾಯಿಯವು, ಬೋರ್ಡಿನಲ್ಲಿ ಮಾತ್ರ ನಿನ್ನೆಯವರೆಗೂ ಹೆಸರು ಗಂಡ ಮಹಾಲಿಂಗಪ್ಪ ಕಾಕಾರದು!

ಮೊನ್ನೆ ಇಬ್ಬರಿಗೂ, ನಾನು ಕಾಲೇಜಿನಲ್ಲಿ ಕಲಿಸುವ ಪಾಠದಲ್ಲಿ ಬರುವ ನೂರು ವರ್ಷದ ಹಿಂದಿನ ಗಣಿತಜ್ಞೆ ಎಮ್ಮಿ ನೋದರ್ ಕಥೆ ಹೇಳಿದೆ. ಏನನ್ನೋ ಬದಲಿಸಿದರೂ ಪ್ರಕೃತಿಯ ನಿಯಮ ಬದಲಾಗದಿದ್ದರೆ, ಅಲ್ಲಿ ಶಕ್ತಿಯಂಥ ಯಾವುದೋ ಒಂದು ಮೊತ್ತ ಹಾಗೇ ಉಳಿಯುತ್ತದೆಂದು ತೋರಿಸಿದವಳು. ಇಂದಿನ ಭೌತಶಾಸ್ತ್ರ ನಿಂತಿರುವುದೇ ಅದರ ಮೇಲೆ. ಆದರೂ ಹೆಣ್ಣೆಂದು ಅವಳ ಪಾಠಗಳನ್ನು ವಿಶ್ವವಿದ್ಯಾಲಯದವರು ಗಂಡಸಿನ ಹೆಸರಲ್ಲಿ ಸಾರುತ್ತಿದ್ದರು.

ಇವತ್ತು ಬೋರ್ಡಿನಲ್ಲಿ ನೀಲಾಬಾಯಿಯ ಹೆಸರು! ಪೇಂಟರನಿಗೆ ಏಣಿ ಹಿಡಿದವರು ಕಥೆ ಕೇಳಿದ ಕಾಕಾರೇ. ಗಿರಾಕಿಯೊಬ್ಬ ಹೊಸ ಅಂಗಡಿಯೆಂದು ರಿಯಾಯಿತಿ ಕೇಳಿದ.

"ಹೆಸರಷ್ಟ ಬದಲಾಗೇತಿ ದಾದಾ, ದರ ಹಳೇದ ಐತಿ!" ಎಂದರು ನೀಲಾಬಾಯಿ.

ನಾಳೆಯ ನೋದರ್ ಪಾಠಕ್ಕೆ ಉದಾಹರಣೆ ಸಿದ್ಧವಾಯಿತು, ಅವ್ವಾ.

ನಿನ್ನ ಶಿವಲೀಲಾ