ಎದ್ದು ಹೋಗದ ಭಾನುವಾರಗಳು

ಮದ್ದೂರು
ಗುರುವಾರ

ತಂಗಿ ಸುಗುಣಮಣಿಗೆ,

ಫೋನಿನಲ್ಲಾದರೆ ಮತ್ತೆ ಜಗಳವಾಡಿಬಿಡುತ್ತೇನೆ, ಅದಕ್ಕೇ ಈ ಕಾಗದ. ಹರಿಯಬೇಡ, ಓದು.

ಸೋಮವಾರ ಜ್ವರ ಬಂತು. ಆಸ್ಪತ್ರೆಗೆ ಕರೆದ ನಿಮ್ಮ ಭಾವನಿಗೆ, "ಬುಡಿ, ಸೀತದ ಜ್ವರ, ನಾಳೆ ಓಯ್ತದೆ" ಅಂದು ಮಾತ್ರೆ ನುಂಗಿ ಮಲಗಿದೆ. ಮೂರನೆಯ ದಿನ ಹೊಳೆಯಿತು, ಅವ್ವನ ಜ್ವರಕ್ಕೆ ನೀನು ಮಾಡಿದ್ದೂ ಇಷ್ಟೇ, ನಾಳೆ ಹೋಗುತ್ತದೆಂದು ಮಾತ್ರೆ ಕೊಟ್ಟು ಮಲಗಿಸಿದ್ದೆ. ಅವ್ವನನ್ನು ಮಣ್ಣು ಮಾಡಿದ ದಿನ ನಾನು ಎಲ್ಲರೆದುರು, "ನೀನೇ ಕಣೇ ಅವ್ವನ್ನ ಸಾಯಿಸ್ದೋಳು" ಅಂದಿದ್ದೆ.

ಮನಸ್ತಾಪ ಇಟ್ಟುಕೊಂಡು ಕರ್ತನ ಭೋಜನದ ರೊಟ್ಟಿ, ದ್ರಾಕ್ಷಾರಸ ತೆಗೆದುಕೊಳ್ಳಬಾರದೆಂದು ಅವ್ವ ಕಲಿಸಿದ್ದಳಲ್ಲ, ಅಂದಿನಿಂದ ಪ್ರತಿ ತಿಂಗಳ ಮೊದಲ ಭಾನುವಾರ ಎಲ್ಲರೂ ಅದಕ್ಕೆ ಎದ್ದು ಹೋದಾಗ ನಾನು ಮಂಡಿನೋವೆಂದು ಚರ್ಚಿನ ಬೆಂಚಿನಲ್ಲೇ ಕೂರುತ್ತೇನೆ. ಬರುವ ತಿಂಗಳು ನಿನ್ನ ಹತ್ತಿರ ಬರೋಣ ಅಂದುಕೊಂಡೇ ಆರು ವರ್ಷ ಕಳೆದೆ. ಬರುವ ತಿಂಗಳು ನನಗೆ ಕೊಡುತ್ತೇನೆಂದು ದೇವರು ಎಲ್ಲೂ ಹೇಳಿಲ್ಲ.

ಸಾವಿಗೆ ಹೆದರಿ ಬರೆದದ್ದಲ್ಲ. ಬೆಳಗ್ಗೆಯೇ ಜ್ವರ ಬಿಟ್ಟಿದೆ, ಗಂಜಿ ಕುಡಿದು ಕೂತಿದ್ದೇನೆ.

ಈ ಭಾನುವಾರ ತಿಂಗಳ ಮೊದಲನೆಯದೇ, ಅಂದು ಮೊದಲ ಬಸ್ಸಿಗೆ ಮಳವಳ್ಳಿಗೆ ಬರುತ್ತೇನೆ. ನಿಮ್ಮ ಚರ್ಚಿನ ಅಯ್ಯನವರಿಗೆ ಹೇಳಿಟ್ಟಿರು, ಸಭೆಯಲ್ಲಿ ನನಗೆ ಎರಡು ನಿಮಿಷ ಬೇಕು. ಎಲ್ಲರೆದುರು ಅಂದದ್ದನ್ನು ಎಲ್ಲರೆದುರೇ ತಪ್ಪೆಂದು ಒಪ್ಪಿಕೊಳ್ಳಬೇಕು. ಕ್ಷಮಿಸುವುದು ಬಿಡುವುದು ನಿನಗೆ ಸೇರಿದ್ದು.

ಆರು ವರ್ಷದಿಂದ ನೀನೂ ಎದ್ದು ಹೋಗಿಲ್ಲವೆಂದು ಕೇಳಿದೆ. ಬೆಂಚಿನಲ್ಲಿ ನಿನ್ನ ಪಕ್ಕ ಜಾಗ ಇಟ್ಟಿರು. ನನ್ನ ಮಂಡಿಗೆ ಯಾವತ್ತೂ ನೋವಿರಲಿಲ್ಲ. ನೀನು ಎದ್ದರೆ ನಾನೂ ಏಳುತ್ತೇನೆ.

ನಿನ್ನ ಅಕ್ಕ,
ಕರುಣಾವತಿ