ಚಿಲಕವಿಲ್ಲದ ಮನೆಯಿಂದ ದಡಿಯನಿಗೆ

ಲೋ ದಡಿಯಾ,

ಸತ್ತ ನಾಯಿಗೆ ಕಾಗದ ಬರೆಯುವ ಮಟ್ಟಕ್ಕೆ ಬಂದನಲ್ಲ ಈ ಬೀಗದ ರಿಪೇರಿಯವನು ಅಂತ ಜನ ನಗಬಹುದು. ನಗಲಿ ಬಿಡು. ಹೆಂಡತಿ ಬಸ್ ನಿಲ್ದಾಣದ ಟಿಕೆಟ್ ಕೌಂಟರಿನ ಕೆಲಸಕ್ಕೆ ಹೋಗಿದ್ದಾಳೆ, ನಾನು ಮನೆಯ ಮುಂಭಾಗದ ಅಂಗಡಿಯ ಶಟರು ಅರ್ಧ ಎಳೆದುಕೊಂಡು ಕೂತಿದ್ದೇನೆ. ನೀನು ಹೋದಾಗಿನಿಂದ ನನಗೆ ಆಗುತ್ತಿರುವುದನ್ನು ಇನ್ಯಾರ ಹತ್ತಿರ ಹೇಳಲಿ? ಎಲ್ಲರೂ "ಪಾಪ, ನಾಯಿ ಸತ್ತ ದುಃಖ" ಅಂತಾರೆ. ದುಃಖ ಅಲ್ಲ ಕಣೋ, ಭಯ. ನಾಯಿ ಡಾಕ್ಟರ ಮೇಜಿನ ಮೇಲೆ ನಿನ್ನ ಉಸಿರು ನಿಂತಾಗ ಹೆಂಡತಿ ಅತ್ತಳು, ಮಗಳು ನಿನ್ನ ಕುತ್ತಿಗೆ ತಬ್ಬಿಕೊಂಡು ಅತ್ತಳು. ನನಗೆ ಒಂದು ಹನಿ ಬರಲಿಲ್ಲ. ಇನ್ನು ಇವಳಿಗೆ ಯಾರು ಗತಿ ಅಂತ ಮಗಳ ಮುಖವನ್ನೇ ನೋಡುತ್ತಾ ನಿಂತಿದ್ದೆ.

ನೀನು ನಮ್ಮ ಮನೆಗೆ ಬರುವ ಮೊದಲಿನ ಕಥೆ ನಿನಗೆ ಗೊತ್ತಿಲ್ಲ. ಮಗಳು ಏಳನೇ ಕ್ಲಾಸಿನಲ್ಲಿದ್ದಾಗ ಮೊದಲ ಸಲ ಫಿಟ್ಸ್ ಬಂತು. ಬಂದದ್ದು ಬಚ್ಚಲುಮನೆಯಲ್ಲಿ, ಒಳಗಿನಿಂದ ಚಿಲಕ ಹಾಕಿಕೊಂಡಿದ್ದಾಗ. ಊರಿನ ಅರ್ಧ ಬಾಗಿಲುಗಳಿಗೆ ಬೀಗ ಕೂರಿಸಿದವನು ನಾನು, ನನ್ನ ಮನೆಯ ಬಾಗಿಲನ್ನೇ ಹೆಗಲು ಕೊಟ್ಟು ಒಡೆಯಬೇಕಾಯಿತು. ಅವತ್ತು ಸಂಜೆಯೊಳಗೆ ಒಳಬಾಗಿಲುಗಳ ಚಿಲಕಗಳನ್ನೆಲ್ಲ ಬಿಚ್ಚಿ ಡಬ್ಬಕ್ಕೆ ಹಾಕಿದೆ. ಅಂದಿನಿಂದ ನಮ್ಮಲ್ಲಿ ಬಚ್ಚಲಿಗೆ ಹೋದವರು ಹಾಡುತ್ತಿರಬೇಕು. ಹಾಡು ಕೇಳುತ್ತಿದ್ದರೆ ಒಳಗೆ ಜನ ಇದ್ದಾರೆ, ಹುಷಾರಾಗಿದ್ದಾರೆ. ಹಾಡು ನಿಂತರೆ ಬಾಗಿಲು ತಳ್ಳಿಬಿಡುವುದು. ನಾನು ಹಾಡಿದಾಗ ಮಾತ್ರ ನೀನು ಮೂತಿ ಎತ್ತಿ ಊಳಿಡುತ್ತಿದ್ದೆ, ನನ್ನ ಮಾನ ಕಳೆಯಲಿಕ್ಕೆಂದೇ ಹುಟ್ಟಿದವನ ಹಾಗೆ.

ಅಂಗಡಿಯ ಮೆಟ್ಟಿಲ ಹತ್ತಿರ ಬಿಸ್ಕತ್ತಿಗೆ ಬಾಯಿ ಬಿಟ್ಟುಕೊಂಡು ಕೂತಿದ್ದ ಬೀದಿಮರಿ ನೀನು. ತಿಂದೂ ತಿಂದೂ ದಡಿಯನಾದೆ. ಒಂದು ದಿನ ಅಡುಗೆಮನೆಯಲ್ಲಿ ನಿಂತಿದ್ದ ಮಗಳ ಮೊಣಕಾಲಿನ ಹಿಂದೆ ಮೂತಿ ಇಟ್ಟು ತಳ್ಳತೊಡಗಿದೆ. ಅವಳು ಬೈದಳು, ನಾನೂ ಬೈದೆ, ನೀನು ಜಪ್ಪಯ್ಯ ಅಂದರೂ ಬಿಡಲಿಲ್ಲ. ಸಾಕಾಗಿ ಅವಳು ನೆಲಕ್ಕೆ ಕೂತಳು. ಕೂತ ಸ್ವಲ್ಪ ಹೊತ್ತಿಗೆ ಫಿಟ್ಸ್ ಬಂತು. ಆಮೇಲೆ ಪ್ರತಿ ಸಲವೂ ಹಾಗೇ, ಮೊದಲು ನಿನ್ನ ಮೂತಿ, ಆಮೇಲೆ ಅದು. ನರಗಳ ಡಾಕ್ಟರಿಗೆ ಹೇಳಿದರೆ, "ಕೆಲವು ನಾಯಿಗಳಿಗೆ ಗೊತ್ತಾಗುತ್ತಂತೆ. ಆದ್ರೆ ಮಾತ್ರೆ ಮಾತ್ರ ಬಿಡಬೇಡಿ" ಅಂದರು. ಮಾತ್ರೆ ಬಿಡಲಿಲ್ಲ. ಆದರೆ ನಿಜ ಹೇಳಲಾ, ನನಗೆ ನಿದ್ದೆ ಬರುತ್ತಿದ್ದದ್ದು ಆ ಮಾತ್ರೆಗಳನ್ನು ನಂಬಿ ಅಲ್ಲ, ಅವಳ ರೂಮಿನ ಬಾಗಿಲಿಗೆ ಅಡ್ಡ ಬಿದ್ದಿರುತ್ತಿದ್ದ ನಿನ್ನ ಗೊರಕೆಯನ್ನು ನಂಬಿ.

ನೀನು ಹೋದ ಮರುವಾರವೇ ಅವಳು ಟೀಗೆ ನೀರಿಟ್ಟು ಅಡುಗೆಮನೆಯಲ್ಲಿ ಬಿದ್ದಳು. ಕುದಿಯುವ ನೀರು ಮುಂಗೈ ಮೇಲೆ ಚೆಲ್ಲಿ ಗುಳ್ಳೆ ಎದ್ದಿತು. ನಾನು ಅಂಗಡಿಯಲ್ಲಿ ಕೀ ಕೊರೆಯುವ ಮೆಷಿನ್ನಿನ ಮುಂದಿದ್ದೆ. ಪಾತ್ರೆ ಉರುಳಿದ ಸದ್ದೂ ಕೇಳಲಿಲ್ಲ. ಅಲ್ಲಿಂದ ಶುರುವಾಯಿತು ನೋಡು. ಕೀಗೆ ಒಂದು ಹಲ್ಲು ಕೊರೆಯುವುದು, ಮೆಷಿನ್ನು ನಿಲ್ಲಿಸುವುದು, ಒಳಗೆ ಕಿವಿ ಕೊಡುವುದು. ಇನ್ನೊಂದು ಹಲ್ಲು, ಮತ್ತೆ ಕಿವಿ. ಹೀಗೆ ಕೊರೆದ ಕೀ ಯಾವ ಬೀಗಕ್ಕೆ ಕೂರುತ್ತದೆ? ಮೂಲೆಯ ಬೇಕರಿಯವನು ಬಂದು, "ಏನ್ ಸಾರ್, ನಿಮ್ಮ ಕೀ ನನ್ನ ಬೀಗದ ಮೇಲೆ ಮುನಿಸ್ಕೊಂಡಿದೆ, ತಿರುಗೋದೇ ಇಲ್ಲ" ಅಂದ. ಅವನ ಮೇಲೆ ಸುಮ್ಮಸುಮ್ಮನೆ ರೇಗಿದೆ.

ಮಗಳು ಲೈಬ್ರರಿಯ ಹರಿದ ಪುಸ್ತಕಗಳನ್ನು ತನ್ನ ರೂಮಿನಲ್ಲೇ ಬೈಂಡ್ ಮಾಡುತ್ತಾಳಲ್ಲ, ಅಲ್ಲಿಗೆ ಹೋಗಿ ಹೋಗಿ ಇಣುಕುತ್ತಿದ್ದೆ. ಗೋಂದು ಬೇಕಾ? ನೀರು ಬೇಕಾ? ಫ್ಯಾನು ಜೋರಾಯ್ತಾ? ಅವಳು ತಲೆ ಎತ್ತದೆ "ಬೇಡಪ್ಪ" ಅನ್ನುತ್ತಿದ್ದಳು. ಕೊನೆಗೆ ನನ್ನ ಬುದ್ಧಿಗೆ ಏನು ಬಡಿಯಿತೋ, ಚಾಪೆ ತಂದು ನಿನ್ನ ಜಾಗದಲ್ಲಿ, ಅವಳ ಬಾಗಿಲ ಮುಂದೆ ಮಲಗಲು ಶುರು ಮಾಡಿದೆ. "ದಡಿಯನ ಜಾಗಕ್ಕೆ ಇನ್ನೊಬ್ಬ ದಡಿಯ ಬಂದ ಹಾಗಾಯ್ತು" ಅಂದಳು ಹೆಂಡತಿ. ಬೆಳಗ್ಗೆ ಮಗಳು ನಿದ್ದೆಗಣ್ಣಲ್ಲಿ ಬಾಗಿಲು ತೆರೆದು ಹೊರಗೆ ಕಾಲಿಟ್ಟಳು, ನನ್ನನ್ನು ಎಡವಿ ಧೊಪ್ಪನೆ ಬಿದ್ದಳು. ಫಿಟ್ಸೇ ಬಂತು ಅಂದುಕೊಂಡೆ. ಅವಳನ್ನು ಪಕ್ಕಕ್ಕೆ ಹೊರಳಿಸಿ, ತಲೆಯಡಿ ದಿಂಬು ತುರುಕಿ, ಎಷ್ಟು ನಿಮಿಷ ಇರುತ್ತೆ ಅಂತ ಗಡಿಯಾರ ನೋಡುತ್ತಾ ಕೂತೆ. ಅವಳು ಕಿರುಚುತ್ತಿದ್ದಳು, "ಅಪ್ಪಾ, ಬಿಡು! ಫಿಟ್ಸ್ ಅಲ್ಲ, ನಿನ್ನ ಕಾಲು!"

ತುಟಿ ಒಡೆದು ರಕ್ತ ಬರುತ್ತಿತ್ತು. ಒರೆಸಿಕೊಂಡು ನನ್ನೆದುರು ಕೂತು ಹೇಳಿದಳು, "ನಂಗೆ ನನ್ನ ರೂಮಿಗೆ ಚಿಲಕ ಬೇಕು."

ನನ್ನ ಜೀವ ಇರೋವರೆಗೂ ಆಗಲ್ಲ ಅಂದೆ.

"ದಡಿಯ ತಳ್ಳಿದಾಗೆಲ್ಲ ನಾನು ಸುಮ್ನೆ ಕೂತಿರ್ಲಿಲ್ಲ ಅಪ್ಪ. ಇವನಿಗೆ ಗೊತ್ತಾಗಿದ್ದು ನಂಗ್ಯಾಕೆ ಗೊತ್ತಾಗಲ್ಲ ಅಂತ ಹುಡುಕ್ತಿದ್ದೆ. ನಾಲಿಗೆ ದಪ್ಪ ಆದ ಹಾಗಾಗುತ್ತೆ, ಎದುರಿಗಿರೋ ಗೋಡೆ ದೂರ ಹೋದ ಹಾಗಾಗುತ್ತೆ. ಎಲ್ಲ ಸಲ ಅಲ್ಲ, ಆದ್ರೆ ಸುಮಾರು ಸಲ ಗೊತ್ತಾಗುತ್ತೆ."

ಹಾಗಾದರೆ ಟೀಗೆ ನೀರಿಟ್ಟ ದಿನ ಏನಾಗಿತ್ತು ಅಂತ ಕೇಳಿದೆ. ಕೇಳಬಾರದಿತ್ತು.

"ಅವತ್ತೂ ಗೊತ್ತಾಗಿತ್ತು. ಕೂಗಿದ್ರೆ ನೀನು ಹೆದರಿ ಸಾಯ್ತೀಯ ಅಂತ ಕೂಗ್ಲಿಲ್ಲ. ಪಾತ್ರೆ ಕೆಳಗಿಡೋಕೆ ಹೋದೆ."

ದಡಿಯಾ, ಎದ್ದು ನೇರ ಅಂಗಡಿಗೆ ಹೋಗಿ ಒಂದು ಹೊಸ ಚಿಲಕ ತಂದೆ. ಅವತ್ತೇ ಅವಳ ಬಾಗಿಲಿಗೆ ಚಿಲಕ ಕೂರಿಸಿದೆ. ಸುಳ್ಳು ಹೇಳಲಿಲ್ಲ, ಹೊರಗಿನಿಂದಲೂ ಸ್ಕ್ರೂಡ್ರೈವರ್ ಇಟ್ಟು ತಿರುಗಿಸಿದರೆ ಬಿಚ್ಚುವಂಥದ್ದು ಇದು ಅಂತ ತೋರಿಸಿಯೇ ಹಾಕಿದೆ. ಅವಳು ತಿರುಗಿಸಿ ನೋಡಿ, "ಸರಿ. ಆದ್ರೆ ಮೊದಲು ತಟ್ಬೇಕು. ನಾನು ಉತ್ತರ ಕೊಡದಿದ್ರೆ ಮಾತ್ರ ಇದು" ಅಂದಳು.

ನಿನ್ನೆ ಮಧ್ಯಾಹ್ನ ಅವಳು ಒಳಗೆ ಹೋಗಿ ಚಿಲಕ ಹಾಕಿಕೊಂಡಳು. ಮೆಷಿನ್ನು ಆರಿಸಿ ಬಂದು ಹೊರಗೆ ನಿಂತೆ. ಕಾಗದ ಮಡಚುವ ಸದ್ದು, ದಾರ ಎಳೆಯುವ ಸದ್ದು. ಆಮೇಲೆ ಏನೂ ಇಲ್ಲ. ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದೆ. ಹೆದರಿದ ಅಪ್ಪನ ದನಿ ಅವಳಿಗೆ ಕೇಳಿಸಬಾರದು, ಕೇಳಿಸಿದರೆ ಮತ್ತೆ ಬಚ್ಚಿಡುತ್ತಾಳೆ. ಒಳಗೆ ಬಿದ್ದಿದ್ದರೆ? ತಟ್ಟಲು ಕೈ ಎತ್ತಿದೆ. ಅಷ್ಟರಲ್ಲಿ ಚಿಲಕ ತಾನಾಗಿ ಸರಿಯಿತು. ಬಾಗಿಲು ತೆರೆದು ಅವಳು ನಿಂತಿದ್ದಳು, ಕಣ್ಣು ಎಲ್ಲೋ.

"ಅಪ್ಪಾ, ಬರ್ತಿದೆ."

ಅಷ್ಟು ಹೇಳಿ ತಾನೇ ನೆಲಕ್ಕೆ ಕೂತಳು. ನಾನು ಹೆದರಲಿಲ್ಲ ಅಂದರೆ ಶುದ್ಧ ಸುಳ್ಳು. ಆದರೆ "ಆಯ್ತು ಪುಟ್ಟಾ, ಇಲ್ಲೇ ಇದೀನಿ" ಅಂದೆ, ದನಿ ನೆಟ್ಟಗೇ ಬಂತು. ಬರುವುದು ಬಂತು, ಹೋಯಿತು. ಒಂದು ಗೀರೂ ಆಗಲಿಲ್ಲ. ಮಲಗಿ ಎದ್ದು ನೀರು ಕುಡಿದಳು, ಹೊಲಿಯದೆ ಬಿಟ್ಟ ಪುಸ್ತಕ ನೋಡಿದಳು. "ಹೋಗಪ್ಪ ಹೊರಗೆ, ನಂಗೆ ಕೆಲಸ ಇದೆ" ಅಂದು ಮತ್ತೆ ಚಿಲಕ ಹಾಕಿಕೊಂಡಳು.

ಹೊರಗೆ ಗೋಡೆಗೆ ಒರಗಿ ಕೂತೆ. ಆಗ ಬಂತು ನೋಡು ಅಳು. ಅವಳಿಗಾಗಿ ಅಲ್ಲ, ನಿನಗಾಗಿ. ಇಷ್ಟು ದಿನ ನಾನು ಕಾವಲುಗಾರನನ್ನು ಕಳೆದುಕೊಂಡಿದ್ದೆ, ನಿನ್ನನ್ನಲ್ಲ. ನಿನ್ನೆ, ಯಾವ ಕೆಲಸಕ್ಕೂ ಬೇಕಾಗದೆ, ಸುಮ್ಮನೆ ನೀನು ಬೇಕಾಗಿದ್ದೆ. ಒದ್ದೆ ನಾಯಿಯ ವಾಸನೆಯ, ನನ್ನ ಚಪ್ಪಲಿ ಕಚ್ಚಿ ಹಾಳು ಮಾಡಿದ ನೀನು. ಹೆಂಡತಿ ಬರುವವರೆಗೂ ಮಗುವಿನ ಹಾಗೆ ಅತ್ತೆ ಕಣೋ.

ಭಯ ಹೋಗಿಲ್ಲ. ಹೋಗುವುದೂ ಇಲ್ಲ ಅಂತ ಕಾಣುತ್ತದೆ. ಅದು ನನಗಿರಲಿ. ನೀನಿನ್ನು ಯಾರ ಬಾಗಿಲನ್ನೂ ಕಾಯಬೇಡ ನನ್ನಪ್ಪಾ, ಕಾಲು ಚಾಚಿ ಮಲಗು.

ಬೈದದ್ದಕ್ಕಿಂತ ಹೆಚ್ಚು ನಿನ್ನನ್ನು ಪ್ರೀತಿಸಿದ,
ನಿನ್ನ ಯಜಮಾನ