ನಿನ್ನ ಆಧಾರ್ ಕಾರ್ಡು, ನನ್ನ ತೋಳು

ರಿಪ್ಪನ್‌ಪೇಟೆ ಬಸ್‌ಸ್ಟ್ಯಾಂಡಿನ ಏಕಚ್ಛತ್ರಾಧಿಪತಿ, ಶಾಮಿಯಾನ ಕಂಬಗಳ ಮಹಾದಂಡನಾಯಕ, ಹೆಬ್ಬಾವು ಕಂಡರೆ ನಗುವ ಆದರೆ ಸೂಜಿ ಕಂಡರೆ ಬೆವರುವ ಗಂಡುಗಲಿ, ಸ್ವರ್ಗಸ್ಥ ಶ್ರೀಮನ್ಮಹಾರಾಜ ಸಂತುವಿನ ದಿವ್ಯ ಪಾದಗಳಿಗೆ, ಇಹಲೋಕದಲ್ಲೇ ಸಿಕ್ಕಿಬಿದ್ದಿರುವ ಗೆಳೆಯ ಗಿರೀಶನ ಸಾಷ್ಟಾಂಗ ನಮಸ್ಕಾರಗಳು.

ಅಲ್ಲಿ ಕ್ಷೇಮವೇ? ಇಲ್ಲಿ ನೀನೊಂದು ಮೊಕದ್ದಮೆಯಾಗಿದ್ದೀಯ, ಮಾರಾಯ.

ಶಾಲೆಯಲ್ಲಿ ಕೊರೊನಾ ಲಸಿಕೆ ಹಾಕಿದ ದಿನ ನೆನಪಿದೆಯಾ? ನಿನ್ನ ಅಮ್ಮ ಸರೋಜತ್ತೆ ಬೆನ್ನಿಗೆ ಕೈಯಿಟ್ಟು ದಬ್ಬಿಯೇ ನಿನ್ನನ್ನು ಮನೆಯಿಂದ ಹೊರಡಿಸಿದ್ದರು. ಸಾಲಿನಲ್ಲಿ ನೀನು ನನ್ನ ಅಂಗಿ ಹಿಡಿದುಕೊಂಡು, “ಲೋ ಗಿರಿ, ಕಣ್ಣು ಕತ್ಲೆ ಬರ್ತಿದೆ ಕಣೋ” ಅಂದೆ. “ಸೂಜಿ ಇನ್ನೂ ಹತ್ತು ಜನರ ಆಚೆ ಇದೆಯಲ್ಲೋ” ಅಂದೆ ನಾನು. ನನಗೆ ಹಿಂದಿನ ವಾರವೇ ಹೊಸನಗರದಲ್ಲಿ ಹಾಕಿಸಿಯಾಗಿತ್ತು. ಆದರೆ ಇಬ್ಬರ ಮುಖಕ್ಕೂ ಮಾಸ್ಕು, ಇಬ್ಬರದೂ ಒಂದೇ ಮೈಕಟ್ಟು. ನಿನ್ನ ಆಧಾರ್ ಕಾರ್ಡಿನ ಫೋಟೋವೋ ನಿನ್ನಂತೆಯೂ ಇಲ್ಲ, ಮನುಷ್ಯರಂತೆಯೂ ಇಲ್ಲ. ಹೀಗಾಗಿ ನಿನ್ನ ಹೆಸರಿನ ಲಸಿಕೆ ನನ್ನ ತೋಳಿಗೆ ಬಿತ್ತು. ನೀನು ಕಾಂಪೌಂಡಿನ ಹೊರಗೆ ಕೂತು ಚಿಪ್ಸ್ ತಿನ್ನುತ್ತಿದ್ದೆ.

ಅವತ್ತು ಸಂಜೆ ನಿನಗೆ ಬಂದ ಜ್ವರವನ್ನು ಮರೆಯಲು ಸಾಧ್ಯವೇ? ಲಸಿಕೆ ಹಾಕಿಸಿಕೊಂಡವನಿಗೆ ಜ್ವರ ಬರದಿದ್ದರೆ ಅಮ್ಮನಿಗೆ ಅನುಮಾನ ಬರುತ್ತದೆಂದು ನೀನು ಕಂಕುಳಲ್ಲಿ ಈರುಳ್ಳಿ ಇಟ್ಟುಕೊಂಡೆ. ಬಿಸಿನೀರು ಮುಕ್ಕಳಿಸಿ ಥರ್ಮಾಮೀಟರ್ ಕಚ್ಚಿದೆ. ಉಪಾಯ ನನ್ನದು, ಅಭಿನಯ ನಿನ್ನದು. ಮೂರು ದಿನ ಕಂಬಳಿ ಹೊದ್ದು ಎಂಥಾ ನರಳಾಟ! ಸರೋಜತ್ತೆ ಹಣೆಗೆ ಒದ್ದೆ ಬಟ್ಟೆ ಹಾಕಿ, ತುತ್ತು ಮಾಡಿ ಉಣಿಸಿದರು. ನಿಜವಾದ ಜ್ವರ ಬಂದಿದ್ದು ನನಗೆ. ನಿನ್ನ ಮಂಚದ ಪಕ್ಕ ನಡುಗುತ್ತಾ ನಿಂತಿದ್ದರೆ, “ಗೆಳೆಯಂಗೆ ಹುಷಾರಿಲ್ಲ ಅಂತ ಹೆಂಗೆ ನಡುಗ್ತದೆ ನೋಡಿ ಪಾಪ, ಈ ಹುಡುಗ” ಅಂದಿದ್ದರು. ಕಂಬಳಿಯೊಳಗೆ ನಗು ತಡೆಯಲಾರದೆ ನಿನ್ನ ಹೊಟ್ಟೆ ಕುಣಿಯುತ್ತಿತ್ತು.

ಲಸಿಕೆಯಾದ ಹನ್ನೊಂದನೆಯ ದಿನ ವಾಲಿಬಾಲ್ ಆಡುವಾಗ ಬಾಲಿಗೆ ಹಾರಿದವನು ನೀನು, ಕೆಳಗೆ ಬಂದು ಹಾಗೇ ಕೂತೆ. ಮತ್ತೆ ನಾಟಕ ಅಂದುಕೊಂಡು ನಾನು ಚಪ್ಪಾಳೆ ಹೊಡೆದೆ. ಎಲ್ಲರೂ ಓಡಿ ಬಂದ ಮೇಲೂ ಇನ್ನೆರಡು ಹೊಡೆದೆ... ಹೃದಯ ನಿಂತಿದೆ, ಯಾಕೆಂದು ಹೇಳಲಾಗದು ಎಂದರು ಡಾಕ್ಟರು. ಊರಿಗೆ ಮಾತ್ರ ಯಾಕೆಂದು ಗೊತ್ತಿತ್ತು: ಲಸಿಕೆ, ಮೂರು ದಿನ ಜ್ವರ, ಆಮೇಲೆ ಹೀಗೆ. ನಾನೇ ಕಟ್ಟಿದ ಕಥೆ ನನ್ನೆದುರೇ ಊರೆಲ್ಲ ಸುತ್ತಿ ಬಂತು. ಅಳುವ ಮನೆಯಲ್ಲಿ ನಿಂತು ಈರುಳ್ಳಿಯ ಸುದ್ದಿ ಹೇಗೆ ಎತ್ತಲಿ?

ಮೊನ್ನೆ ಸರೋಜತ್ತೆ ಕೇಸು ಕೊಟ್ಟಿರುವ ಸಾಗರದ ವಕೀಲರ ಆಫೀಸಿನಲ್ಲಿ ನಿನ್ನ ಜ್ವರವನ್ನು ನನಗೆ ಗಟ್ಟಿಯಾಗಿ ಓದಿ ಹೇಳಿದರು. “ಸದರಿ ಮೃತನು ಲಸಿಕೆ ಪಡೆದ ದಿನದ ಸಂಜೆಯಿಂದಲೇ ತೀವ್ರ ಜ್ವರದಿಂದ ಬಳಲಿದ್ದು...” ನಿನ್ನ ಈರುಳ್ಳಿಗೆ ಎಂಥಾ ಗೌರವ ನೋಡು! ಹೊಣೆ ಯಾರದು ಸಾರ್ ಎಂದು ಕೇಳಿದೆ. “ಅದೇ ಅಲ್ವಾ ಕಥೆ? ಕಂಪನಿ ಸರ್ಕಾರದ ಕಡೆ ಕೈ ತೋರಿಸ್ತದೆ. ಸರ್ಕಾರ, ನಾವೇನು ಒತ್ತಾಯ ಮಾಡಿದ್ವಾ ಅಂತದೆ. ಅದ್ಕೇ ಚುಚ್ಚಿದ ನರ್ಸಿಂದ ಹಿಡಿದು ಎಲ್ರ ಮೇಲೂ ಹಾಕಿದೀವಿ. ಪಕ್ಕದಲ್ಲೇ ನಿಂತು ನೋಡಿದವರು ನೀವೊಬ್ರೇ. ಈ ಅಫಿಡವಿಟ್‌ಗೆ ಸಹಿ ಮಾಡಿದ್ರೆ ಕೇಸು ನಿಲ್ತದೆ.” ನಾನು ಪೆನ್ನಿನ ಮುಚ್ಚಳ ತೆಗೆದು, ಹಾಕಿ, ಮತ್ತೆ ತೆಗೆದು...

ಅದಕ್ಕೂ ಮುಂಚೆ, ವಕೀಲರ ನೋಟಿಸು ಹೋದ ಹೊಸದರಲ್ಲಿ, ಆ ನರ್ಸ್ ಪ್ರೇಮಕ್ಕ ಒಂದು ದಿನ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿದ್ದರು. ಈಗ ಮಂಡಗದ್ದೆ ಕಡೆ ಕೆಲಸವಂತೆ. “ತಮ್ಮಾ, ನೀ ಪಕ್ಕದಲ್ಲೇ ಇದ್ಯಂತಲ್ಲ. ನಾನು ಸರಿಯಾಗೇ ಚುಚ್ಚಿದ್ನಾ? ಎಂತಾರೂ ಹೆಚ್ಚುಕಮ್ಮಿ ಕಾಣ್ತಾ ನಿಂಗೆ?” ಅಂದರು. ಬೈಯುತ್ತಾರೆಂದು ತಯಾರಾಗಿ ನಿಂತಿದ್ದೆ, ಹೀಗೆ ಕೇಳುತ್ತಾರೆಂದಲ್ಲ. “ಈಗ ಪುಟ್ಟ ಮಕ್ಕಳಿಗೆ ಚುಚ್ಚೋವಾಗ ಪಕ್ಕದವಳನ್ನ ಕರೀತೀನಿ, ನೀನೇ ಹಾಕು ಮಾರಾಯ್ತಿ ಅಂತ.” ಅವರು ಚುಚ್ಚಿದ ತೋಳು ಅವರೆದುರೇ ನಿಂತಿತ್ತು ಸಂತು, ಗುಂಡುಕಲ್ಲಿನ ಹಾಗೆ. ತೋಳು ಮಡಚಿ ತೋರಿಸಿ, ಏನೂ ಆಗಿಲ್ಲ ಅಕ್ಕಾ ಅನ್ನಬಹುದಿತ್ತು. ಅಂದೆನಾ? “ಬಸ್ ಬಂತಕ್ಕ” ಅಂದೆ.

ಅದೇ ವಾರ ಸರೋಜತ್ತೆಗಾದರೂ ಹೇಳೋಣವೆಂದು ನಿಮ್ಮನೆಗೆ ಹೋದೆ. “ಅತ್ತೆ, ಈ ಕೇಸು ಬೇಕಾ?” ಎಂದು ಶುರು ಮಾಡಿದೆ. “ಪರಿಹಾರ ಯಾರಿಗೆ ಬೇಕೋ ಗಿರೀಶ? ತಪ್ಪು ಇಂಥವ್ರದ್ದು ಅಂತ ಒಬ್ರು ಬರ್ದು ಕೊಡ್ಲಿ. ಇಲ್ದಿದ್ರೆ ತಪ್ಪು ನಂದೇ ಅಲ್ವಾ? ಬೆನ್ನು ದಬ್ಬಿ ಕಳ್ಸಿದವಳು ನಾನು.” ನಾನು ಬಾಯಿ ತೆರೆದೆ. ಅಷ್ಟರಲ್ಲಿ ಅವರು ಸ್ವಲ್ಪ ನಕ್ಕರು. “ಆ ಜ್ವರದ ಮೂರು ದಿನ ಮಾತ್ರ ದೇವರು ಕೊಟ್ಟದ್ದು ಕಣೋ. ಮೀಸೆ ಬಂದ ಮೇಲೆ ಒಂದಿನಾನೂ ನನ್ನ ಕೈತುತ್ತು ಮುಟ್ದವನಲ್ಲ. ಆಗ ಮಗು ಹಂಗೆ ಉಂಡ.” ತೆರೆದ ಬಾಯಿಂದ “ಬರ್ತೀನಿ ಅತ್ತೆ” ಅಂದು ಎದ್ದು ಬಂದೆ. ಹೇಳಿದರೆ ಅವರ ಬೆನ್ನುಹತ್ತಿದ ಪಾಪ ಇಳಿಯುತ್ತದೆ, ಆದರೆ ಆ ಮೂರು ದಿನಗಳೂ ಅದರ ಜೊತೆಗೇ ಹೋಗುತ್ತವೆ. ಹೇಳದಿದ್ದರೆ ಪ್ರೇಮಕ್ಕ... ಎತ್ತ ತಿರುಗಿದರೂ ಒಬ್ಬ ಹೆಂಗಸು ನನ್ನ ಮುಖವನ್ನೇ ನೋಡುತ್ತಿದ್ದಾಳೆ. ನೀನಿದ್ದಿದ್ದರೆ ಏನು ಮಾಡುತ್ತಿದ್ದೆ? ನನ್ನನ್ನೇ ಮುಂದೆ ತಳ್ಳುತ್ತಿದ್ದೆ, ಗೊತ್ತು ಬಿಡು.

ಆದ್ದರಿಂದ ಸಮಸ್ತ ದೇವಾನುದೇವತೆಗಳ ಸಾಕ್ಷಿಯಾಗಿ ಈ ಮೂಲಕ ಘೋಷಿಸುತ್ತೇನೆ: ನಾಳೆ ಬೆಳಿಗ್ಗೆ ಮೊದಲು ಸರೋಜತ್ತೆಗೆ, ಆಮೇಲೆ ಸಾಗರದ ಬಸ್ಸು ಹತ್ತಿ ವಕೀಲರಿಗೆ, ಕೊನೆಗೆ ಮಂಡಗದ್ದೆಗೇ ಹೋಗಿ ಪ್ರೇಮಕ್ಕನಿಗೆ, ಸೂಜಿ ಬಿದ್ದದ್ದು ನನ್ನ ತೋಳಿಗೆ ಎಂದು ಹೇಳಿಯೇ ಹೇಳುತ್ತೇನೆ. ನಗಬೇಡ. ಈ ಸಲ ನಿಜ.

ಒಂದೇ ಒಂದು ಸಣ್ಣ ವಿಷಯ ಬಿಟ್ಟುಹೋಯಿತು. ಆ ಅಫಿಡವಿಟ್‌ಗೆ ನಾನು ಮೊನ್ನೆಯೇ ಸಹಿ ಹಾಕಿ ಬಂದಿದ್ದೇನೆ. ಪ್ರತಿ ಪುಟಕ್ಕೂ.